ಹತ್ತಿಮತ್ತೂರಿನ ಪಂಚಮಿ ಮತ್ತು ಮಿತಿ ಇಲ್ಲದ ಆಟ

ಸವಣೂರು ಅಂದಕೂಡಲೇ ಹೊರಗಿನವರು ನವಾಬರನ್ನು ನೆನೆಯುತ್ತಾರೆ, ಖಾರವನ್ನು ನೆನೆಯುತ್ತಾರೆ, ಆ ದೈತ್ಯ ದೊಡ್ಡಹುಣಸೆ ಮರಗಳನ್ನು ನೆನೆಯುತ್ತಾರೆ, ಕಡೆಗೆ ಎಲೆಯನ್ನು. ವೀಳ್ಯದೆಲೆ. ಆದರೆ ನಮ್ಮ ಕಡೆ ‘ಎಲಿ ಹಿಡಕೊಂಡು ಕುಂತಾನ’ ಅಂದರೆ ಯಾರೂ ತಾಂಬೂಲ ಎಂದು ತಿಳಿಯುವುದಿಲ್ಲ. ಅದು ಇಸ್ಪೀಟು.

ಸವಣೂರಿನಲ್ಲಿ ಬಸ್ಸು ಬದಲಿಸಿದರೆ ನನ್ನ ತವರು ಹತ್ತಿಮತ್ತೂರು. ಹೆಸರಿನೊಳಗೇ ಹತ್ತಿ ಇದೆ, ಈಗ ಕಿಟಕಿಯಾಚೆ ಹೆಚ್ಚು ಕಾಣುವುದು ಗೋವಿನಜೋಳ. ಶ್ರಾವಣದಲ್ಲಿ ಎರಿ ಹೊಲದ ಮಣ್ಣು ಚಪ್ಪಲಿಗೆ ಮೆತ್ತಿಕೊಂಡು, ಹತ್ತು ಹೆಜ್ಜೆ ಇಡುವಷ್ಟರಲ್ಲಿ ಕಾಲು ಎರಡು ಕಿಲೋ ಭಾರವಾಗಿರುತ್ತದೆ. ಹುಬ್ಬಳ್ಳಿಯಲ್ಲಿ ಸಂಸಾರ ಹೂಡಿ ಇಪ್ಪತ್ತೆಂಟು ವರ್ಷವಾದರೂ ನಾಗರ ಪಂಚಮಿಗೆ ನಾನು ಇಲ್ಲಿಗೆ ಬರುವುದನ್ನು ತಪ್ಪಿಸಿಲ್ಲ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ ಬಿಡಿ.

ಪಂಚಮಿ ಅಂದರೆ ನಮಗೆ ಉಂಡಿ, ಅಳ್ಳು, ಜೋಕಾಲಿ. ಗಂಡಸರಿಗೆ ಪಂದ್ಯ. ಇಷ್ಟು ಎಸೆತದಲ್ಲಿ ಲಿಂಬೆಹಣ್ಣನ್ನು ಪಕ್ಕದ ಊರಿನ ಅಗಸಿ ಮುಟ್ಟಿಸುತ್ತೇನೆ ಎಂದು ಒಬ್ಬ, ಆಗುವುದಿಲ್ಲ ಎಂದು ಇನ್ನೊಬ್ಬ. ಹಿಂದೆ ಅರ್ಧ ಊರು ಕೂಗುತ್ತಾ ನಡೆಯುತ್ತದೆ. ಸೋತವನು ಕೊಡುವುದು ತೆಂಗಿನಕಾಯಿ, ಇಲ್ಲವೇ ನೂರಿನ್ನೂರು ರೂಪಾಯಿ. ಕಟ್ಟೆಯ ಮೇಲೆ ಎಲೆ ಆಡುವವರದೂ ಹಾಗೇ. ಆಟಕ್ಕೆ ಒಂದು ಅಂಚಿತ್ತು. ತೋಳು ಸೋಲುತ್ತಿತ್ತು, ಕತ್ತಲಾಗುತ್ತಿತ್ತು, ಕರೆಂಟು ಹೋಗುತ್ತಿತ್ತು, ಯಾರದೋ ಹೆಂಡತಿ ಬಂದು ದೂರದಲ್ಲಿ ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತಿದ್ದಳು. ಜೂಜು ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಆ ಚಾಪೆಯ ಮೇಲೂ ಎತ್ತು ಮಾರಿದವರಿದ್ದಾರೆ. ಆದರೆ ಎತ್ತು ಮಾರಲು ಸಂತೆಯ ದಿನಕ್ಕಾದರೂ ಕಾಯಬೇಕಿತ್ತು.

2025ರ ಪಂಚಮಿ ಬಂದದ್ದು ಜುಲೈ 29ಕ್ಕೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ತಮ್ಮನ ಮಗ ಎರಡು ದಿನ ಮೊದಲೇ ಬಂದಿದ್ದ. ಜೋಕಾಲಿಗೆ ಹಗ್ಗ ಕಟ್ಟಲು ಕರೆದರೂ ಏಳಲಿಲ್ಲ. ಹಗ್ಗ ಕಟ್ಟಿದವಳು ಅವನ ತಂಗಿ. ಅವಳ ನರ್ಸಿಂಗ್ ಕೋರ್ಸಿನ ಫೀ ನಾನೇ ಕಟ್ಟುತ್ತೇನೆ ಎಂದು ಯುಗಾದಿಯಲ್ಲಿ ಮಾತು ಕೊಟ್ಟಿದ್ದ ಹುಡುಗ ಇವನೇ. ಮಧ್ಯಾಹ್ನ ಪಡಸಾಲೆಯಲ್ಲಿ ನಾನೊಬ್ಬಳೇ ಶೇಂಗಾ ಆರಿಸುತ್ತಿದ್ದಾಗ ಪಕ್ಕ ಬಂದು ಕೂತ.

“ಅತ್ತಿ, ಎರಡು ಲಕ್ಷ ಎಂಬತ್ತು ಸಾವಿರ ಹೋಗೇತಿ.”

ಬೈಯಬಹುದಿತ್ತು. ಬೈಯಲು ಅವನ ಅಪ್ಪ ಇದ್ದೇ ಇದ್ದ. ಹೇಗೆ ಹೋಯಿತು ಅನ್ನುವುದು ನನಗೆ ತಿಳಿಯಬೇಕಿತ್ತು, ಕೇಳಿದೆ.

ಆಟದ ಹೆಸರು ಪೋಕರ್. ರೂಮಿನ ಗೆಳೆಯರ ಜೊತೆ ಎರಡು ವರ್ಷ ಆಡಿದ್ದು ‘ಲಿಮಿಟ್’ ಎಂಬ ಬಗೆ. ಅದರಲ್ಲಿ ಪ್ರತಿ ಸುತ್ತಿನ ಪಣ ಗೊತ್ತುಮಾಡಿದ್ದು. ಮೊದಲ ಎರಡು ಸುತ್ತಿಗೆ ಹತ್ತು ರೂಪಾಯಿ, ಕೊನೆಯ ಎರಡಕ್ಕೆ ಇಪ್ಪತ್ತು, ಒಂದು ಸುತ್ತಿನಲ್ಲಿ ನಾಲ್ಕು ಪಣಕ್ಕಿಂತ ಹೆಚ್ಚಿಲ್ಲ. ಎಷ್ಟೇ ಹುಚ್ಚು ಹಿಡಿದರೂ ಒಂದು ಆಟಕ್ಕೆ 240 ರೂಪಾಯಿಗಿಂತ ಹೆಚ್ಚು ಕಳೆಯಲಾಗದು. ‘ನೋ-ಲಿಮಿಟ್’ನಲ್ಲಿ ಮುಂದಿಟ್ಟುಕೊಂಡಿರುವ ಅಷ್ಟನ್ನೂ ಯಾವ ಸುತ್ತಿನಲ್ಲಾದರೂ ನೂಕಬಹುದು. ಮೊಬೈಲಿನಲ್ಲಿ ಅವನಿಗೆ ಸಿಕ್ಕದ್ದು ಬರೀ ಇದೇ. 2003ರಲ್ಲಿ ಅಮೆರಿಕದ ಟೆನೆಸ್ಸೀ ಕಡೆಯ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಪತ್ರದ ನೌಕರ 86 ಡಾಲರಿನ ಆನ್‌ಲೈನ್ ಪಂದ್ಯದಿಂದ ಮೇಲೇರಿ, ಪೋಕರಿನ ವಿಶ್ವ ಪಂದ್ಯಾವಳಿಯಲ್ಲಿ 25 ಲಕ್ಷ ಡಾಲರ್ ಗೆದ್ದನಂತೆ. ಅದು ನೋ-ಲಿಮಿಟ್ ಪಂದ್ಯ. ಜಗತ್ತೆಲ್ಲ ಅದರ ಹಿಂದೆ ಓಡಿತು, ಲಿಮಿಟ್ ಮೇಜುಗಳು ಬರಿದಾದವು. (ಮನಿಮೇಕರ್ ಅವನ ನಿಜವಾದ ಅಡ್ಡಹೆಸರೇ.)

“ಆಟ ಒಂದೇ ಅಲ್ಲೇನೋ? ಎಲಿ ಅವೇ ಅಲ್ಲೇನೋ?” ಅಂದೆ.

“ಅಲ್ಲೇ ನಾ ಸತ್ತದ್ದು, ಅತ್ತಿ,” ಎಂದು ಮೊರದಿಂದ ಶೇಂಗಾ ತೆಗೆದು ಹತ್ತು ಕಾಳಿನ ಗುಂಪು ಮಾಡಿದ. ನನ್ನ ಬಳಿ ಆಠೀನಿನ ನಾಲ್ಕು ಎಲೆ ಇವೆ, ಐದನೆಯದು ಬಂದರೆ ಗೆಲುವು, ಬರಬೇಕಾದ್ದು ಒಂದೇ ಎಲೆ. ಅದು ಬರುವುದು ಸುಮಾರು ಐದರಲ್ಲಿ ಒಂದು ಸಲ. ಲಿಮಿಟ್‌ನಲ್ಲಿ ಎದುರಿನವನು ಎರಡು ಕಾಳು ಹಾಕುತ್ತಾನೆ, ನಾನೂ ಎರಡು ಹಾಕಬೇಕು. ನಾಲ್ಕು ಸಲ ಸೋತರೆ ಎಂಟು ಕಾಳು ಹೋಯಿತು, ಒಮ್ಮೆ ಗೆದ್ದರೆ ಹನ್ನೆರಡು ಬಂತು. ಲಾಭ. ನೋ-ಲಿಮಿಟ್‌ನಲ್ಲಿ ಎದುರಿನವನು ಹತ್ತು ಕಾಳು ಹಾಕುತ್ತಾನೆ. ನಾಲ್ಕು ಸಲಕ್ಕೆ ನಲವತ್ತು ಹೋಯಿತು, ಒಮ್ಮೆ ಗೆದ್ದದ್ದು ಇಪ್ಪತ್ತು. “ಎರಡು ವರ್ಷದ ರೂಢಿ. ಕೈ ತಾನಾಗೇ ಹಾಕ್ತಿತ್ತು.”

ಇಷ್ಟಾದರೂ ಮೊದಲ ತಿಂಗಳು ನಲವತ್ತು ಸಾವಿರ ಗೆದ್ದಿದ್ದ. ಅದೇ ಕೇಡಾಯಿತು ಎಂದು ನನಗನಿಸುತ್ತದೆ. ಆಮೇಲೆ ಐದು ವಾರ ಬರೀ ಸೋಲು. ಅದರಲ್ಲಿ ತಪ್ಪು ಎಷ್ಟು, ನಸೀಬು ಎಷ್ಟು ಎಂದು ಅವನಿಗೇ ಬಿಡಿಸಲಾಗಲಿಲ್ಲ. ಕೈಯಲ್ಲಿ ಎರಡು ಎಕ್ಕ ಇದ್ದು, ಎದುರಿಗೆ ಎರಡು ರಾಜ ಇದ್ದರೂ ಐದರಲ್ಲಿ ಸುಮಾರು ಒಂದು ಸಲ ಎಕ್ಕವೇ ಸೋಲುತ್ತದೆ. ಚಾಪೆಯ ಮೇಲೆ ಕಲಸಿ, ಹಂಚಿ, ಚಹಾ ಕುಡಿದು ಆಡುವಾಗ ಗಂಟೆಗೆ ಇಪ್ಪತ್ತೈದು ಆಟ ಆದರೆ ಹೆಚ್ಚು. ಮೊಬೈಲಿನಲ್ಲಿ ನಾಲ್ಕು ಮೇಜು ತೆರೆದರೆ ಇನ್ನೂರು ದಾಟುತ್ತದೆ. ಒಂದು ವರ್ಷಕ್ಕೆ ಹರಡಿ ಬರಬೇಕಾದ ಸೋಲೆಲ್ಲ ಒಂದೇ ತಿಂಗಳಲ್ಲಿ ಬಂದು ಕೂತರೆ ಯಾವ ತಲೆ ನಿಲ್ಲುತ್ತದೆ? ಆ ಸ್ಥಿತಿಗೆ ಅವರು ಟಿಲ್ಟ್ ಅನ್ನುತ್ತಾರಂತೆ. ನಮ್ಮಲ್ಲಿ ರೊಚ್ಚಿಗೆ ಬೀಳುವುದು ಅನ್ನುತ್ತೇವೆ. ಹೋದದ್ದನ್ನು ಬೇಗ ತರಬೇಕೆಂದು ದೊಡ್ಡ ಪಣದ ಮೇಜಿಗೆ ಹೋದ. ರಾತ್ರಿ ಎರಡು ಗಂಟೆಗೂ ಸಾಲ ಕೊಡುವ ಆ್ಯಪ್ ಇತ್ತು. ಒಟ್ಟು ಹೋದದ್ದರಲ್ಲಿ ಒಂದೂವರೆ ಲಕ್ಷ ಅಂಥ ಸಾಲ. ಉಳಿದದ್ದು ತಂಗಿಯ ಫೀ.

ಸಂಜೆ ಅವನನ್ನು ದೊಡ್ಡಪ್ಪನ ಹತ್ತಿರ ಕರೆದೊಯ್ದೆ. ಎಂಬತ್ತು ದಾಟಿದ ದೊಡ್ಡಪ್ಪ ಆಯುಷ್ಯಪೂರ್ತಿ ಎಲೆ ಆಡಿದವನು, ಹೊಲದ ಒಂದು ಗುಂಟೆಯನ್ನೂ ಕಳೆದವನಲ್ಲ. ಕತೆಯೆಲ್ಲ ಕೇಳಿ, ಧೋತರದ ಚುಂಗು ಎತ್ತಿ ತೋರಿಸಿದ.

“ಇದರಾಗ ಕಟ್ಟಿದಷ್ಟ ನನ್ನ ಆಟ. ಚುಂಗು ಖಾಲಿ, ನಾ ಮನಿಗಿ. ಆ ಗಂಟು ಕಟ್ಟಾಕಿ ನಿಮ್ಮ ಅಮ್ಮ, ನಾ ಅಲ್ಲ.”

“ಅಜ್ಜಾ, ಅವತ್ತು ಚಲೋ ಎಲಿ ಬಂದ್ರ?”

“ಚಲೋ ಎಲಿ ನಾಳಿನೂ ಬರ್ತಾವು.”

ಪೋಕರ್ ಬಲ್ಲವರು ಹೇಳುವ ನಿಯಮ ಇದಕ್ಕಿಂತ ದೂರವಿಲ್ಲ. ನೋ-ಲಿಮಿಟ್‌ಗೆ ಕೂರುವ ಮುನ್ನ, ಒಮ್ಮೆ ಮೇಜಿಗಿಡುವ ಹಣದ ಕನಿಷ್ಠ ಇಪ್ಪತ್ತು ಪಟ್ಟು, ಮನೆಖರ್ಚಿಗೆ ಸಂಬಂಧವಿಲ್ಲದ್ದು, ಬೇರೆಯೇ ಇರಬೇಕು. ಸೋಲು ಬೆನ್ನು ಹತ್ತಿದರೆ ಮೇಲಲ್ಲ, ಕೆಳಗಿನ ಮೇಜಿಗೆ ಇಳಿಯಬೇಕು. ದಿನಕ್ಕೆ ಇಷ್ಟು ಹೋದರೆ ಎದ್ದೆ ಎಂದು ಮೊದಲೇ ಬರೆದಿಡಬೇಕು. ಹುಡುಗನಿಗೆ ಇದೆಲ್ಲ ಗೊತ್ತಿತ್ತು, ಪುಸ್ತಕವನ್ನೂ ಓದಿದ್ದ. ಆದರೆ ಆ ಗಂಟು ಕಟ್ಟಲು ಅವನ ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ.

ಹೋದ ದುಡ್ಡು ಒಮ್ಮೆ ವಾಪಸು ಬಂದರೆ ಬಿಟ್ಟುಬಿಡುತ್ತೇನೆ ಅಂದ ಹುಡುಗ. ದೊಡ್ಡಪ್ಪ ನಕ್ಕ. ಗದಗ ಹತ್ತಿರದ ಕೋಳಿವಾಡದ ಕುಮಾರವ್ಯಾಸನ ಭಾರತವನ್ನು ಗುಡಿಯಲ್ಲಿ ಓದಿಸಿ ಕೇಳಿದವನು ಅವನು. “ಧರ್ಮರಾಯಗ ಎಲ್ಲಾ ವಾಪಸ್ ಬಂದಿತ್ತಲ್ಲೋ. ದ್ರೌಪದಿ ಕೇಳಿ ತಗೊಂಡಿದ್ಲು, ರಾಜ್ಯನೂ ಬಂತು. ಮತ್ತ ಕರದ್ರು, ಮತ್ತ ಹೋಗಿ ಕುಂತ. ವನವಾಸ ಆಗಿದ್ದು ಎರಡನೇ ಸಲದ ಆಟಕ್ಕ.”

ಹಬ್ಬ ಮುಗಿದು ಮೂರು ವಾರಕ್ಕೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಯನ್ನು ಸಂಸತ್ತು ಒಪ್ಪಿತು, ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ನಮ್ಮ ರಾಜ್ಯ 2021ರಲ್ಲೇ ಪೊಲೀಸ್ ಕಾಯ್ದೆಗೆ ಇಂಥ ತಿದ್ದುಪಡಿ ತಂದಿತ್ತು, 2022ರ ಫೆಬ್ರುವರಿ 14ರಂದು ಹೈಕೋರ್ಟು ಅದನ್ನು ರದ್ದು ಮಾಡಿತ್ತು. ಈ ಸಲ ಅಂಗಡಿ ಮುಚ್ಚಿದ್ದು ನನಗಂತೂ ಸಮಾಧಾನ. ಸಾಲ ಮಾತ್ರ ಕಂತಿನ ಪ್ರಕಾರ ಉಳಿದಿದೆ. ನಿಮ್ಮ ಮನೆಯಲ್ಲೂ ಇಂಥ ಹುಡುಗನಿದ್ದು ರಾತ್ರಿ ನಿದ್ದೆ ಬಿಟ್ಟಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ನಾವು ಪಂಚಮಿಯ ರಾತ್ರಿಯೇ ಮಾಡಿಸಿದೆವು.

ಅವನ ಅಪ್ಪನಿಗೆ ಹೇಳಿದ್ದು ಮರುದಿನ ಹೊಲದಲ್ಲಿ. ತಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಐದು ಎಕರೆಯಲ್ಲಿ ಒಂದೇ ಎಕರೆ ಮೆಣಸಿನಕಾಯಿ, ಉಳಿದದ್ದು ಗೋವಿನಜೋಳ, ಬದುವಿನ ಹತ್ತಿರ ನಾಲ್ಕು ಸಾಲು ಹತ್ತಿ. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಬಿದ್ದು, ಸಿಟ್ಟಿಗೆದ್ದ ರೈತರು ವಾಹನಗಳಿಗೆ ಬೆಂಕಿ ಹಚ್ಚಿದರಲ್ಲ, ಆ ವರ್ಷವೂ ಇವನದು ಒಂದೇ ಎಕರೆ ಇತ್ತು. ಹುಡುಗ ಸುಮ್ಮನಿರಲಾರದೆ ಕೇಳಿದ, “ಅಪ್ಪಾ, ದರ ಚಲೋ ಇದ್ದಾಗರೆ ಐದೂ ಎಕರೆ ಹಾಕಬೇಕು ಅನ್ನಸಲಿಲ್ಲೇನು?”

“ಪ್ರತಿ ವರ್ಷ ಅನ್ನಸ್ತೈತಿ,” ಅಂದ ತಮ್ಮ, ಕಳೆ ಕೀಳುತ್ತಾ, ಮಗನ ಕಡೆ ನೋಡದೆ. “ಆ ಜ್ವಾಳದ ರೊಕ್ಕದಾಗ ನಿನ್ನ ತಂಗಿ ಫೀ ಈ ವರ್ಷ ನಾ ಕಟ್ಟತೀನಿ. ಮುಂದಿನ ವರ್ಷದ್ದು ನಿಂದು. ಕುಡಗೋಲ ತಗೋ, ಆ ಸಾಲು ಹಿಡಿ.”