ರೊಕ್ಕ ಕೊಡದವರ ಫೋಟೋ

ಸ್ವಲ್ಪ ಉದ್ದ ಆಗೈತಿ, ಪುರುಸೊತ್ತಿದ್ದಾಗ ಓದ್ರಿ.

ಮೊನ್ನೆ ರವಿವಾರ ಸಂಜೆ ಮಗಳು ಒಂದು ಹಾಳಿ ಹಿಡಕೊಂಡು ಬಂದಳು. "ಅಪ್ಪಾ, ನೀ ಆಫೀಸಿನ್ಯಾಗ ದಿನಾ ನೋಟಿಸು, ಸುತ್ತೋಲೆ ಟೈಪ್ ಮಾಡ್ತಿಯಲ್ಲ, ಇದನ್ನೊಂದೀಟು ನೆಟ್ಟಗ ಮಾಡಿಕೊಡು" ಅಂದಳು. ಆಕಿ ಈ ವರ್ಷ ಹತ್ತನೇತ್ತೆ. ಅವರ ಕ್ಲಾಸಿನ ಮಕ್ಕಳು ತಾವೇ ಸೇರಿ ಒಂದು ಪುಸ್ತಕ ತರ್ತಾರಂತೆ. ನಮ್ಮ ಕಾಲದಾಗ ವಾರ್ಷಿಕ ಸಂಚಿಕೆ ಅಂತಿದ್ವಿ, ಇವರು ಇಯರ್‌ಬುಕ್ ಅಂತಾರ. ಪ್ರತಿಯೊಬ್ಬರ ಫೋಟೋ, ಕೆಳಗ ಎರಡು ಸಾಲು, ಟ್ರಿಪ್ಪಿನ ಚಿತ್ರ, ಕವಿತೆ, ಮಾಸ್ತರಗಳ ಹಾರೈಕೆ. ಏಳು ಮಕ್ಕಳ ಕಮಿಟಿ, ಅದರಾಗ ನನ್ನ ಮಗಳೂ ಒಬ್ಬಾಕಿ. ಮಕ್ಕಳೇ ನಿಯಮ ಬರೆದಿದ್ದು ಕಂಡು ಖುಷಿ ಆತು. ಓದಿದೆ.

ಒಂದು: ಪುಸ್ತಕದ ಬೆಲೆ 300 ರೂಪಾಯಿ. ಎರಡು: 150 ಮುಂಗಡ ಕೊಡಬೇಕು. ಮೂರು: ಮುಂಗಡ ಕೊಟ್ಟವರ ಫೋಟೋ ಮಾತ್ರ ಹಾಕಲಾಗುವುದು. ನಾಲ್ಕು: ಅಂಗಡಿಗಳಿಂದ ಜಾಹೀರಾತು ತರಬೇಕು. ಐದು: ಉಳಿದ ಹಣ ಬೀಳ್ಕೊಡುಗೆ ಸಮಾರಂಭಕ್ಕೆ.

ಮೂರನೇ ನಿಯಮದ ಮ್ಯಾಲೆ ನನ್ನ ಕಣ್ಣು ನಿಂತುಬಿಟ್ಟಿತು.

ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದು 1996ರಲ್ಲಿ. ಆಗ ನಮ್ಮ ಸವಣೂರು ಇನ್ನೂ ಧಾರವಾಡ ಜಿಲ್ಲೆ, ಹಾವೇರಿ ಜಿಲ್ಲೆ ಆದದ್ದು ಮರುವರ್ಷ. ನಾ ಕಲಿತ ಸಾಲಿಯ ಹೆಸರು ಬೇಡ. ಪರೀಕ್ಷೆಗೆ ಮುಂಚೆ ಗ್ರೂಪ್ ಫೋಟೋ ತೆಗೀತಿದ್ರು. ತಲಾ 25 ರೂಪಾಯಿ. ನಮ್ಮವ್ವ ಎಲಿಬಳ್ಳಿ ತೋಟಕ್ಕ ಕೂಲಿ ಹೋಗ್ತಿದ್ಲು, ಆಕೀ ಒಂದು ದಿನದ ಕೂಲಿಗಿಂತ ಅದು ಹೆಚ್ಚು. ನಾ ಮನ್ಯಾಗ ಕೇಳಲೇ ಇಲ್ಲ. ಕೇಳಿದ್ರ ಎಲ್ಲಿಂದಾದ್ರೂ ತಂದು ಕೊಡ್ತಿದ್ಲು ಅಂತ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ಫೋಟೋ ದಿನ ನಾವು ನಾಲ್ಕು ಮಂದಿ ಹುಡುಗ್ರು ಬೆಂಚು ಹೊತ್ತು ತಂದು ಅಂಗಳದಾಗ ಸಾಲಾಗಿ ಇಟ್ವಿ. ಎಲ್ಲಾರೂ ಹತ್ತಿ ನಿಂತ ಮ್ಯಾಲೆ ಮಾಸ್ತರು "ರೊಕ್ಕ ಕೊಡದವರು ಆ ಕಡೆ ಸರೀರಿ" ಅಂದ್ರು. ಬೈಗುಳ ಇಲ್ಲ, ಸಿಟ್ಟೂ ಇಲ್ಲ. ನಾವು ನಾಲ್ಕು ಮಂದಿ ಬೇವಿನ ಗಿಡದ ಬುಡಕ್ಕ ಹೋಗಿ ನಿಂತ್ವಿ. ಮೂರು ಮಂದಿ ನಮ್ಮ ಕೇರಿಯವರು. ನಾಲ್ಕನೇಯವ ಗ್ಯಾರೇಜಿನ್ಯಾಗ ದುಡೀತಿದ್ದ ಒಬ್ಬ ಮುಸ್ಲಿಂ ಹುಡುಗ. ಫೋಟೋ ಮುಗಿದ ಮ್ಯಾಲೆ ಬೆಂಚು ವಾಪಸ್ ಒಳಗ ಇಟ್ಟವರೂ ನಾವೇ.

ಅವತ್ತು ಯಾರೂ ಜಾತಿ ಅನ್ನೋ ಶಬ್ದ ಎತ್ತಲಿಲ್ಲ. ಎತ್ತುವ ಅಗತ್ಯನೂ ಇರಲಿಲ್ಲ. ರೊಕ್ಕದ ಜರಡಿ ಹಿಡಿದರೆ ಸಾಕು, ನಾವು ತಾವಾಗೇ ಕೆಳಗೆ ಬೀಳ್ತೀವಿ.

ಮೂರ್ನಾಲ್ಕು ವರ್ಷದ ಹಿಂದೆ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಆ ಫೋಟೋ ಬಂತು. ಒಬ್ಬ ಗೆಳೆಯ ಪ್ರೀತಿಯಿಂದಲೇ ಕೇಳಿದ, "ಲೇ, ನೀ ಎಲ್ಲಿದ್ದೀಲೇ ಇದ್ರಾಗ? ಕಾಣವಲ್ಲಿ." "ಅವತ್ತು ರಜಾ ಹಾಕಿದ್ದೆ" ಅಂತ ಬರೆದೆ. ಇಪ್ಪತ್ತು ವರ್ಷ ಸಂಘಟನೆಯಲ್ಲಿ ಇದ್ದವನು, ವೇದಿಕೆ ಮ್ಯಾಲೆ ಮಾತಾಡುವವನು, ಅಷ್ಟು ಸಣ್ಣ ಪ್ರಶ್ನೆಗೆ ಸುಳ್ಳು ಹೇಳಿದೆ.

ಕಾಲೇಜಿನ ಕಥೆ ಬೇರೆ. ಅಲ್ಲಿ ಪ್ರವೇಶ ಶುಲ್ಕದ ಜೊತೆಗೇ ಮ್ಯಾಗಜಿನ್ ಫೀ ಅಂತ ಸಣ್ಣ ಮೊತ್ತ ಹಿಡೀತಿದ್ರು, ಎಲ್ಲರಿಗೂ ಸಂಚಿಕೆ ಸಿಗ್ತಿತ್ತು. ಅದು ಒಳ್ಳೇ ಪದ್ಧತಿ. ನಾನೂ ಒಂದು ಕವಿತೆ ಕೊಟ್ಟೆ. ಸಂಚಿಕೆ ಬಂದಾಗ ಕವಿತೆ ಇರಲಿಲ್ಲ, ಆದರೆ ನನ್ನ ಹೆಸರು ಇತ್ತು. ಕೊನೇ ಪುಟಗಳಲ್ಲಿ, "ಎಸ್.ಸಿ., ಎಸ್.ಟಿ. ವಿದ್ಯಾರ್ಥಿವೇತನ ಪಡೆದವರು" ಅನ್ನೋ ಪಟ್ಟಿಯಲ್ಲಿ, ಅಡ್ಡಹೆಸರಿನ ಸಮೇತ. ನಮ್ಮ ಕಡೆ ಅಡ್ಡಹೆಸರು ಅಂದ್ರೇನು ಅಂತ ನಿಮಗೆ ಹೇಳಬೇಕಿಲ್ಲ. ಸಾಲಿ ದಾಖಲಾತಿ ರಜಿಸ್ಟರಿನಲ್ಲಿ ಮಾಸ್ತರು ಬರೆದ "ಹರಿಜನ", "ಮಾದರ" ಅನ್ನೋವೇ ಎಷ್ಟೋ ಮಂದಿಗೆ ಸಾಯೋತನಕ ಮನೆತನದ ಹೆಸರು. ಪುಸ್ತಕದಾಗ ಬಂದ್ರೆ ಸಾಲದು, ಹ್ಯಾಂಗ ಬಂದ್ವಿ ಅನ್ನೋದೂ ಮುಖ್ಯ ಅಂತ ಅವತ್ತು ಕಲಿತೆ.

ನಮ್ಮ ಊರಿನ ಫೋಟೋ ಅಂದ್ರ ಇನ್ನೊಂದು ನೆನಪಾಗ್ತೈತಿ. 2010ರ ಜುಲೈನಲ್ಲಿ ಸವಣೂರು ಪುರಸಭೆ ಮುಂದೆ ಭಂಗಿ ಸಮುದಾಯದ ಅಣ್ಣತಮ್ಮಂದಿರು, ತಲೆತಲಾಂತರದಿಂದ ಊರಿನ ಮಲ ಹೊತ್ತವರು, ತಾವಿದ್ದ ಜಾಗದಿಂದ ಒಕ್ಕಲೆಬ್ಬಿಸ್ತಾರಂತ ಮೈಮೇಲೆ ಮಲ ಸುರಕೊಂಡು ಪ್ರತಿಭಟಿಸಿದರು. ಆ ಚಿತ್ರ ದೇಶವೆಲ್ಲ ನೋಡಿತು. ಮಲ ಹೊರುವ ಪದ್ಧತಿ ವಿರುದ್ಧದ ಹೊಸ ಕಾಯ್ದೆ 2013ರಲ್ಲಿ ಬಂತು. ಅವತ್ತು ಅವರ ಫೋಟೋ ತೆಗೆಯಲು ಯಾರೂ ಮುಂಗಡ ಕೇಳಲಿಲ್ಲ. ನಮ್ಮವರು ಮೀಸಿ ತಿದ್ದಿ, ಇಸ್ತ್ರಿ ಅಂಗಿ ಹಾಕ್ಕೊಂಡು ನಗ್ತಾ ನಿಂತ ಫೋಟೋಕ್ಕೆ ಮಾತ್ರ ರೊಕ್ಕ ಬೇಕು.

ಇದನ್ನೆಲ್ಲ ಮಗಳಿಗೆ ಹೇಳಿದೆ. ಆಕಿ ಬ್ಯಾಸರ ಮಾಡ್ಕೊಂಡಳು. "ನಿಂದು ಎಲ್ಲಾದ್ರಾಗೂ ಅದೇ ಅಪ್ಪಾ. ನಮ್ಮ ಕ್ಲಾಸಿನ್ಯಾಗ ಹಂಗೇನಿಲ್ಲ. ಎಲ್ಲಾರೂ ಕೂಡಿ ಡಬ್ಬಿ ಉಣ್ತೀವಿ."

"ಆತು ಬಿಡವಾ. ಮುಂಗಡ ಕೊಡದವರು ಯಾರ್‍ಯಾರು ಹೇಳು."

ಬೆರಳು ಮಡಚಿ ಎಣಿಸಿದಳು. ಒಂಬತ್ತನೇ ಹೆಸರಿಗೆ ನಿಂತಳು. ಹನ್ನೆರಡಾಗೋ ಹೊತ್ತಿಗೆ ಧ್ವನಿ ಸಣ್ಣದಾಗಿತ್ತು. ನಾನೇನೂ ಹೇಳಲಿಲ್ಲ.

ಆದರೆ ನನ್ನ ಪಾಲಿನ ಮಾತನ್ನೂ ಹೇಳಬೇಕು. ಆ ಪಟ್ಟಿಯಲ್ಲಿ ನನ್ನ ಮಗಳು ಇರಲಿಲ್ಲ. ಯಾಕಂದ್ರ ಒಂದು ವಾರದ ಹಿಂದೆ ಆಕಿ ಕೇಳಿದ ಕೂಡಲೇ 150 ರೂಪಾಯಿ ಕೊಟ್ಟು ಕಳಿಸಿದ್ದೆ, ಯಾತಕ್ಕ ಅಂತ ಓದದೇ. ಬಾಬಾಸಾಹೇಬರ ದಯೆಯಿಂದ ನೌಕರಿ ಐತಿ, ತಿಂಗಳಿಗೊಮ್ಮೆ ಪಗಾರ ಬರ್ತೈತಿ. ಬೇವಿನ ಗಿಡದ ಬುಡದಿಂದ ನಾನೊಬ್ಬನೇ ಎದ್ದು ಬಂದು ಬೆಂಚಿನ ಮ್ಯಾಲೆ ನಿಂತಿದ್ದೆ, ತಿರುಗಿ ನೋಡಿರಲಿಲ್ಲ.

ಕೂತು ಲೆಕ್ಕ ಮಾಡಿದ್ವಿ. ಕ್ಲಾಸಿನ್ಯಾಗ 62 ಮಕ್ಕಳು. ಲೈಬ್ರರಿಗೆ, ಮಾಸ್ತರಗಳಿಗೆ ಸೇರಿ 70 ಪ್ರತಿ. ಪ್ರೆಸ್ಸಿನವರು ಹೇಳಿದ್ದು 14,000. ಪೂರ್ತಿ ಪುಟಕ್ಕೆ 1,000ದಂತೆ ನಾಲ್ಕು, ಅರ್ಧಕ್ಕೆ 500ರಂತೆ ಆರು, ಕಾಲು ಪುಟಕ್ಕೆ 300ರಂತೆ ಐದು ಜಾಹೀರಾತು ಸಿಕ್ಕರೆ 8,500 ಆತು. ಉಳಿದದ್ದು 5,500. ಐವತ್ತು ಮಕ್ಕಳು ತಲಾ 110 ಕೊಟ್ಟರೆ ಮುಗೀತು, ಹನ್ನೆರಡು ಮಕ್ಕಳಿಗೆ ಪುಕ್ಕಟೆ. 300 ಎಲ್ಲಿಂದ ಬಂತು ಅಂದ್ರ, ಬೀಳ್ಕೊಡುಗೆಯ ಊಟ, ಶಾಮಿಯಾನಾ ಇದರ ಮ್ಯಾಲೇ ಹೊರಿಸಿದ್ರು. ಎರಡರ ಲೆಕ್ಕ ಬೇರೆ ಇಡ್ರಿ ಅಂದೆ.

ಜಾಹೀರಾತಿನ ಮಾತು ಬಂದಾಗ ಆಕಿ ಇನ್ನೊಂದು ಹೇಳಿದಳು. ಖಾರದ ಅಂಗಡಿ, ಬಟ್ಟಿ ಅಂಗಡಿ, ಮೆಡಿಕಲ್ ಶಾಪಿನವರು ಒಪ್ಪಿದಾರ. ಚಪ್ಪಲಿ ರಿಪೇರಿ ಅಂಗಡಿಯ ಕಾಕಾನೂ ತಾನೇ ಕರೆದು "ನಂದೊಂದು ಹಾಕ್ರಿ, 300 ಕೊಡ್ತೀನಿ" ಅಂದಾನಂತೆ. ಕಮಿಟಿಯಲ್ಲಿ ಯಾರೋ "ಅದು ಚಂದ ಕಾಣಂಗಿಲ್ಲ" ಅಂದರಂತೆ. ಆಗ ಆಕಿಗೆ ಮೂಕನಾಯಕದ ಕಥೆ ಹೇಳಿದೆ. 1920ರ ಜನವರಿ 31ಕ್ಕೆ ಬಾಬಾಸಾಹೇಬರು ಆ ಪತ್ರಿಕೆ ಶುರು ಮಾಡಿದಾಗ ಶಾಹೂ ಮಹಾರಾಜರು 2,500 ರೂಪಾಯಿ ಕೊಟ್ಟಿದ್ದರು. ಆದರೆ ಪತ್ರಿಕೆ ಬರುತ್ತದೆ ಅಂತ ಒಂದು ಜಾಹೀರಾತು ಹಾಕಲು ಪುಣೆಯ ಕೇಸರಿ ಪತ್ರಿಕೆ, ದುಡ್ಡು ಕೊಡ್ತೀವಿ ಅಂದರೂ ಒಪ್ಪಲಿಲ್ಲ. ನೂರು ವರ್ಷ ದಾಟಿದ ಮ್ಯಾಲೂ ಯಾರ ದುಡ್ಡು ಚಂದ, ಯಾರದು ಚಂದ ಅಲ್ಲ ಅನ್ನೋ ಪ್ರಶ್ನೆ ಹತ್ತನೇತ್ತೆ ಮಕ್ಕಳ ಮುಂದೆ ಬಂದು ಕೂತೈತಿ.

ಕಡೀಗೆ ಅಪ್ಪ ಮಗಳು ಸೇರಿ ಹೊಸ ಹಾಳಿ ಟೈಪ್ ಮಾಡಿದ್ವಿ:

– ರಜಿಸ್ಟರಿನಲ್ಲಿರುವ ಪ್ರತಿ ವಿದ್ಯಾರ್ಥಿಗೂ ಪುಸ್ತಕದಲ್ಲಿ ಒಂದೇ ಅಳತೆಯ ಜಾಗ. ಹಣಕ್ಕೂ ಫೋಟೋಕ್ಕೂ ಸಂಬಂಧ ಇಲ್ಲ.
– ಬೆಲೆ 110. ಆಗದವರು ಕ್ಲಾಸ್ ಟೀಚರಿಗೆ ಒಂದು ಮಾತು ಹೇಳಿದರೆ ಸಾಕು, ಕಾರಣ ಕೇಳುವಂತಿಲ್ಲ. ಕೊಟ್ಟವರ, ಕೊಡದವರ ಪಟ್ಟಿ ಮಕ್ಕಳ ಕೈಯಲ್ಲಿ ಇರಬಾರದು, ಗ್ರೂಪಿಗೆ ಹಾಕಬಾರದು.
– ಹೆಸರು ಆ ವಿದ್ಯಾರ್ಥಿ ಬರೆದುಕೊಟ್ಟಂತೆ. ಅಡ್ಡಹೆಸರು ಬೇಕೋ ಬೇಡವೋ ಅವರಿಷ್ಟ. ಚೇಷ್ಟೆಯ ಬಿರುದು, ವಿದ್ಯಾರ್ಥಿವೇತನದ ಪಟ್ಟಿ ಇಲ್ಲ.
– ಫೋಟೋಕ್ಕೆ ಪಾಲಕರ ಒಪ್ಪಿಗೆ ಬೇಕು. ಒಲ್ಲೆ ಅಂದವರಿಗೆ ಅವರೇ ಬರೆದ ಚಿತ್ರ ಅಥವಾ ಕೈಬರಹ ಅದೇ ಜಾಗದಲ್ಲಿ. ಪಿಡಿಎಫ್ ಮಾಡಿ ಹಂಚುವಂತಿಲ್ಲ. (ಡಿಜಿಟಲ್ ಮಾಹಿತಿ ರಕ್ಷಣೆಯ 2023ರ ಕಾಯ್ದೆಯೂ 18ರೊಳಗಿನವರ ವಿಷಯದಲ್ಲಿ ಪಾಲಕರ ಒಪ್ಪಿಗೆ ಕೇಳುತ್ತದೆ.)
– ಒಂದೇ ದರ ಕೊಟ್ಟವರಿಗೆ ಒಂದೇ ಅಳತೆಯ ಜಾಹೀರಾತು. ಪುಟ ಚೀಟಿ ಎತ್ತಿ ನಿರ್ಧಾರ.
– ಜಮಾ ಖರ್ಚು ಕೊನೇ ಪುಟದಲ್ಲಿ ಅಚ್ಚಾಗಬೇಕು.

ಸೋಮವಾರ ಕಮಿಟಿಯಲ್ಲಿ ಗದ್ದಲ ಆತಂತೆ. "ಕೊಟ್ಟವರಿಗೂ ಕೊಡದವರಿಗೂ ಒಂದೇ ಅಂದ್ರ ಯಾರು ಕೊಡ್ತಾರ?" ಅಂತ ಒಬ್ಬ ಹುಡುಗ ಕೇಳಿದನಂತೆ. ನ್ಯಾಯದ ಪ್ರಶ್ನೆನೇ. ನನ್ನ ಮಗಳು ಲೆಕ್ಕದ ಹಾಳಿ ಮುಂದಿಟ್ಟಾಳ. ಹೆಡ್ಮಾಸ್ತರು ಓದಿ ಸಹಿ ಮಾಡಿದಾರ. ಆದರೆ ಚಪ್ಪಲಿ ಅಂಗಡಿಯ ಜಾಹೀರಾತು ಇನ್ನೂ ತೀರ್ಮಾನ ಆಗಿಲ್ಲ. ಒಬ್ಬ ಹುಡುಗಿಯ ತಂದೆ "ಈಗ ಪುಕ್ಕಟೆ ಅಂತಾರ, ಆಮ್ಯಾಲೆ ಕೇಳ್ತಾರ, ನಮ್ಮ ಹುಡುಗಿ ಫೋಟೋ ಬ್ಯಾಡ" ಅಂತ ಒಪ್ಪಿಗೆ ಚೀಟಿ ವಾಪಸ್ ಕಳಿಸಿದಾರ. ಅವರಿಗೆ ಆ ಸಂಶಯ ಎಲ್ಲಿಂದ ಬಂದೈತಿ ಅಂತ ನನಗೆ ಚೆನ್ನಾಗಿ ಗೊತ್ತು. ನಾಳೆ ಆಫೀಸ್ ಬಿಟ್ಟ ಮ್ಯಾಲೆ ಅವರ ಮನೀಗೆ ಹೋಗ್ತೀನಿ.

ನಿಮ್ಮ ಊರಿನ ಸಾಲಿಗಳಲ್ಲೂ ಫೆಬ್ರುವರಿ ಹೊತ್ತಿಗೆ ಗ್ರೂಪ್ ಫೋಟೋ, ಸಂಚಿಕೆ, ಬೀಳ್ಕೊಡುಗೆ ಶುರು ಆಗ್ತಾವ. ಎಸ್‌ಡಿಎಂಸಿಯಲ್ಲಿ ಇದ್ದವರು, ಪಾಲಕರು ಒಂದು ಸಲ ನಿಯಮದ ಹಾಳಿ ಕೇಳಿ ಓದ್ರಿ. ನಿಮ್ಮ ಮಗುವಿನ ರೊಕ್ಕ ಕಟ್ಟಿದ್ರೂ ಓದ್ರಿ. ಕಟ್ಟಿದವರು ಓದಿದ್ರನೇ ಕಟ್ಟದವರ ಫೋಟೋ ಬರ್ತೈತಿ.

ನಿನ್ನೆ ರಾತ್ರಿ ಬ್ಯಾಚಿನ ಗ್ರೂಪಿನಲ್ಲಿ ನಾನೂ ಒಂದು ಸಾಲು ಬರೆದೆ: "ಅವತ್ತು ನಾ ರಜಾ ಹಾಕಿರಲಿಲ್ಲ. ಬೇವಿನ ಗಿಡದ ಕೆಳಗ ನಿಂತಿದ್ದೆ." ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಗ್ಯಾರೇಜಿನ ಆ ಗೆಳೆಯ ಮಾತ್ರ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ದ.

ಜೈ ಭೀಮ್.