ಬತ್ತಿದ ಸರೋವರದ ದಂಡೆಯಲ್ಲಿ

ಜಂಗಮನೆಂದರೆ ಚಲಿಸುವವನು. ಆದರೆ ಚಲನೆಯೆಂಬುದು ಬರಿಯ ದಾರಿ ಸವೆಸುವುದಲ್ಲ. ಕಂಡುದನ್ನು ಅರಿವಿಗೆ ತಂದುಕೊಳ್ಳುವುದು. ವಿದೇಶದಲ್ಲಿ ನೆಲಸಿರುವ ಎಂಟು ಮಂದಿ ತರುಣ ಭಕ್ತರು 2016ರ ಆಗಸ್ಟಿನಲ್ಲಿ ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದಲ್ಲಿ ಮೋಟಾರ್ ಸೈಕಲ್ ಯಾತ್ರೆ ಕೈಕೊಂಡಾಗ ನಮ್ಮನ್ನೂ ಬರಮಾಡಿಕೊಂಡರು. ಅವರು ವಾಹನಗಳ ಮೇಲೆ, ನಾವು ಹಿಂದಿನ ಜೀಪಿನಲ್ಲಿ. ಅಲ್ಲಿ ಕಂಡ ಒಂದು ಸಂಗತಿಯನ್ನು ವಾಚಕರ ಮುಂದಿಡಬೇಕೆನಿಸಿದೆ.

ಪೆರು ಮತ್ತು ಬೊಲಿವಿಯಾ ದೇಶಗಳ ನಡುವಣ ಟಿಟಿಕಾಕಾ ಸರೋವರವು ಸಮುದ್ರಮಟ್ಟದಿಂದ ಸುಮಾರು 3,810 ಮೀಟರ್ ಎತ್ತರದಲ್ಲಿದೆ. ಅದರ ಹರವು 8,000 ಚದರ ಕಿಲೋಮೀಟರಿಗೂ ಮಿಗಿಲು. ಅಲ್ಲಿ ಗಾಳಿಯ ಒತ್ತಡ ಕಡಲ ತಡಿಯದರ ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆ. ಹತ್ತು ಹೆಜ್ಜೆ ನಡೆದರೆ ಏದುಸಿರು. ಯಂತ್ರಕ್ಕೂ ಉಸಿರು ಸಾಲದೆ ಬಲ ಕುಗ್ಗುತ್ತದೆ. ತಿಕೀನಾ ಜಲಸಂಧಿಯಲ್ಲಿ ಮರದ ತೆಪ್ಪಗಳ ಮೇಲೆ ವಾಹನಗಳನ್ನು ದಾಟಿಸಿದರು. ಆ ನೀಲ ಜಲರಾಶಿಯನ್ನು ಕಂಡವನಿಗೆ ನೀರು ಎಂದೂ ತೀರದೆಂಬ ಭ್ರಮೆ ಹುಟ್ಟುವುದು ಸಹಜ.

ಆ ಭ್ರಮೆ ಕಳೆದುದು ಒರೂರೋ ನಗರದ ದಕ್ಷಿಣಕ್ಕಿರುವ ಪೂಪೋ ಸರೋವರದಲ್ಲಿ. ಟಿಟಿಕಾಕಾದಿಂದ ಹೊರಡುವ ದೆಸಗ್ವಾದೆರೋ ನದಿಯೇ ಇದರ ಪ್ರಧಾನ ಜಲಮೂಲ. ಈ ಪೀಠಭೂಮಿಯ ನೀರು ಕಡಲನ್ನು ಸೇರದು. ಬಿಸಿಲಿಗೆ ಆವಿಯಾಗುವುದೇ ಅದರ ಗತಿ. ಆದುದರಿಂದ ಒಳಹರಿವು ತಗ್ಗಿದರೆ ಆಳವಿಲ್ಲದ ಸರೋವರಕ್ಕೆ ಕುತ್ತು. ಅನಾವೃಷ್ಟಿ, ಏರಿದ ತಾಪ, ಕೃಷಿಗೂ ಗಣಿಗೂ ತಿರುಗಿಸಿದ ನದಿನೀರು, ಇವೆಲ್ಲ ಕೂಡಿ 2015ರ ಡಿಸೆಂಬರಿನ ವೇಳೆಗೆ ಬೊಲಿವಿಯಾದ ಎರಡನೆಯ ದೊಡ್ಡ ಸರೋವರ ಬತ್ತಿಹೋಯಿತು. ತಲೆಮಾರುಗಳಿಂದ ಅದನ್ನೇ ನಂಬಿದ್ದ ಉರು ಜನರು ಉಪ್ಪಿನ ಕೆಲಸಕ್ಕೂ ಗಣಿಗೂ ಕೂಲಿಗಳಾಗಿ ಚದುರಿದರು.

ನಾವು ತಲುಪಿದಾಗ ಕಂಡುದು ಬಿರುಕುಬಿಟ್ಟ ಬಯಲು. ತರುಣರಲ್ಲಿ ಕೆಲವರಿಗೆ ಆ ಸಮತಟ್ಟಿನ ಮೇಲೆ ವೇಗವಾಗಿ ಓಡಿಸುವ ಆಸೆ. "ಬರಿಯ ಒಣ ನೆಲ, ಯಾರಿಗೇನು ನಷ್ಟ?" ಎಂದನೊಬ್ಬ. ಒರಗಿದ್ದ ದೋಣಿಯ ಬಳಿ ನಿಂತಿದ್ದ ವೃದ್ಧನು ಬೇಡವೆನ್ನಲಿಲ್ಲ. ನೀವು ನಿಂತಿರುವಲ್ಲಿ ನಾನು ಬಲೆ ಬೀಸುತ್ತಿದ್ದೆ ಎಂದಷ್ಟೇ ನಮ್ಮ ಚಾಲಕನ ಮೂಲಕ ತಿಳಿಸಿದ. ಕೇಳಿದ್ದ ತರುಣನೇ ಮೊದಲು ಯಂತ್ರವನ್ನು ನಿಲ್ಲಿಸಿದ. ಆ ದಿನ ಯಾರೂ ಬಯಲಿಗಿಳಿಯಲಿಲ್ಲ.

ಮೀನುಗಾರಿಕೆಯ ಅಳಿವಿಗೆ ಸಸ್ಯಾಹಾರಿಗಳಾದ ನಾವೇಕೆ ಮರುಗಬೇಕೆಂದು ವಾಚಕರು ಕೇಳಬಹುದು. ಅಂಬಿಗರ ಚೌಡಯ್ಯನವರ ಕಾಯಕ ದೋಣಿಯದು. ನೀರಿಲ್ಲದಲ್ಲಿ ಆ ಕಾಯಕಕ್ಕೆ ಎಡೆಯೆಲ್ಲಿ? ಒಬ್ಬನ ಕಾಯಕದ ನೆಲೆಯನ್ನೇ ಕಿತ್ತರೆ ಅವನಿಗೆ ಕೂಲಿ ದೊರೆತೀತು. ಕಾಯಕದ ಘನತೆ ದೊರೆಯದು. ಅಲ್ಲಿ ಗಣಿಯನ್ನೊಂದೇ ದೂಷಿಸಿ ಬರುವಂತೆಯೂ ಇರಲಿಲ್ಲ. ನಾವು ಏರಿಬಂದ ವಾಹನಗಳೂ ಲೋಹದಿಂದಾದುವೇ ಅಲ್ಲವೆ?

ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿದವರು. ನಮ್ಮ ನಾಡಿನ ಕೆರೆಗಳು ಸರಪಳಿಯಂತೆ ಹೆಣೆದವು. ಮೇಲಿನದು ಕೋಡಿ ಬಿದ್ದರೆ ಕೆಳಗಿನದು ತುಂಬುವುದು. ಮೇಲಿರುವವನು ಕೆಳಗಿನವನ ಪಾಲನ್ನು ಬಿಟ್ಟುಕೊಡಬೇಕೆಂಬ ನೀತಿ ಅಲ್ಲಿ ಮಣ್ಣಿನಲ್ಲಿಯೇ ಇದೆ. ಪೂಪೋವಿನಲ್ಲಿ ಮುರಿದುದು ಈ ನೀತಿಯೂ ಹೌದು.

ವಾಚಕರೇ, ಒಮ್ಮೆ ನಿಮ್ಮೂರ ಕೆರೆಯ ಕೋಡಿಯವರೆಗೆ ನಡೆದುಹೋಗಿರಿ. ಕೆಳಗಿನ ಊರಿಗೆ ನೀರು ಸಾಗುವ ಕಾಲುವೆ ಮುಚ್ಚಿದ್ದರೆ ನಾಲ್ವರು ಕೂಡಿ ಬಿಡಿಸಿರಿ. ಅದೂ ದಾಸೋಹವೇ.