ಗೋಡೆಯ ಮೇಲಿನ ಗೆರೆ

ಕ್ಸೆನಾನ್ ದೀಪ ಸ್ವಿಚ್ ಹಾಕಿದೊಡನೆ ಪೂರ್ತಿ ಉರಿಯುವುದಿಲ್ಲ. ಬಾನೆಟ್ಟಿನೊಳಗೆ ಚಟ್ ಎಂದು ಸಣ್ಣ ಸದ್ದು, ಎದುರಿನ ಗೋಡೆಯ ಮೇಲೆ ನೀಲಿಯೋ ನೇರಳೆಯೋ ಹೇಳಲಾಗದ ಒಂದು ಮಿಂಚು. ಎರಡು ಮೂರು ಉಸಿರಿನಷ್ಟು ಹೊತ್ತಿಗೆ ಆ ನೀಲಿ ತಿಳಿಯಾಗಿ, ಬೆಚ್ಚಗಾಗಿ, ಕೊನೆಗೆ ಹಾಲಿನ ಕೆನೆಯ ಬಣ್ಣಕ್ಕೆ ಬಂದು ನಿಲ್ಲುತ್ತದೆ. ಬೆಂಗಳೂರಿನ ಬಿಟಿಎಂ ಲೇಔಟ್ ಎರಡನೇ ಹಂತದಲ್ಲಿ ಸೋದರಮಾವನ ಮನೆ ಮುಂದೆ ಕಾರು ನಿಲ್ಲಿಸಿಕೊಂಡು ಇದನ್ನು ಎಷ್ಟು ಸಲ ನೋಡಿದ್ದೇನೋ. ಇನ್ನೂ ಸಾಕೆನಿಸಿಲ್ಲ.

ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿದರೆ ಒಳಗೆ ತಂತಿಯೇ ಇಲ್ಲ. ಬಟಾಣಿಯಷ್ಟು ಸ್ಫಟಿಕದ ಗುಳ್ಳೆ, ಅದರಲ್ಲಿ ಎದುರುಬದುರಾಗಿ ಎರಡು ಮೊನೆ, ನಡುವೆ ನಾಲ್ಕು ಮಿಲಿಮೀಟರಿನಷ್ಟು ಸಂದು. ಹೊತ್ತಿಸುವ ಕ್ಷಣದಲ್ಲಿ 20 ಸಾವಿರ ವೋಲ್ಟಿಗೂ ಹೆಚ್ಚಿನ ಕಿಡಿ ಆ ಸಂದನ್ನು ದಾಟುತ್ತದೆ. ಮೊದಲು ಬೆಳಗುವುದು ಕ್ಸೆನಾನ್ ಅನಿಲ, ಆ ನೀಲಿ ಅದರದು. ಕಾವೇರಿದಂತೆ ಗುಳ್ಳೆಯ ತಳದಲ್ಲಿ ಅಂಟಿಕೊಂಡಿರುವ ಲೋಹದ ಲವಣಗಳು ಆವಿಯಾಗಿ ನಿಜವಾದ ಬೆಳಕು ಕೊಡುತ್ತವೆ. ಟ್ಯೂಬ್‌ಲೈಟಿಗೆ ಚೋಕ್ ಇದ್ದಂತೆ ಇದಕ್ಕೆ ಬ್ಯಾಲಾಸ್ಟ್ ಎಂಬ ಡಬ್ಬಿ. 55 ವ್ಯಾಟಿನ ಎಚ್7 ಹ್ಯಾಲೊಜೆನ್ ಬಲ್ಬು ಸುಮಾರು 1,500 ಲ್ಯುಮೆನ್ ಬೆಳಕು ಕೊಟ್ಟರೆ, 35 ವ್ಯಾಟಿನ ಡಿ2ಎಸ್ ಕ್ಸೆನಾನ್ ಬಲ್ಬು ಸುಮಾರು 3,200 ಕೊಡುತ್ತದೆ.

ಮಾವ ಮೈಕೋದಲ್ಲಿ ದುಡಿದು ನಿವೃತ್ತರಾದವರು. ಬಾಷ್ ಕಂಪನಿ 1951ರಲ್ಲಿ ಭಾರತದಲ್ಲಿ ಹುಟ್ಟುಹಾಕಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯೇ ಮೈಕೋ. 2008ರಲ್ಲಿ ಬೋರ್ಡಿನ ಮೇಲೆ ಬಾಷ್ ಎಂದಾಯಿತು, ಆದರೆ ಮಾವನ ಬಾಯಲ್ಲಿ ಅದು ಇವತ್ತಿಗೂ ಮೈಕೋ, ಅವರಿರುವ ಬಡಾವಣೆ ಮೈಕೋ ಲೇಔಟ್. ಕಾರಿಗೆ ಕ್ಸೆನಾನ್ ದೀಪವನ್ನು ಮೊದಲು ತಂದದ್ದೂ ಅದೇ ಬಾಷ್, 1991ರಲ್ಲಿ, ಬಿಎಂಡಬ್ಲ್ಯೂ 7 ಸರಣಿಗೆ. ಮಾವನಿಗೆ ಆ ದೀಪದ ಪರಿಚಯ ಇರಲಿಲ್ಲ. ಅವರ ಲೋಕವೆಲ್ಲ ಸ್ಪಾರ್ಕ್ ಪ್ಲಗ್ಗಿನದು. ನಾನು ತಂದ ಬಲ್ಬನ್ನು ಟಿಶ್ಯೂ ಪೇಪರಿನಲ್ಲಿ ಹಿಡಿದು (ಬೆರಳಿನ ಜಿಡ್ಡು ಗಾಜಿಗೆ ತಗಲಬಾರದು), ಕನ್ನಡಕ ಹಣೆಗೇರಿಸಿ, ಬೆಳಕಿಗೆ ಒಡ್ಡಿ ನೋಡಿದರು. "ಇದು ಆರದೇ ಇರೋ ಸ್ಪಾರ್ಕ್ ಪ್ಲಗ್ ಕಣೋ" ಅಂದರು. ಅದಕ್ಕಿಂತ ಚೆನ್ನಾಗಿ ಯಾರೂ ನನಗೆ ಇದನ್ನು ವಿವರಿಸಿಲ್ಲ.

ಸಾಮಾನಿಗೆ ಜೆ.ಸಿ. ರಸ್ತೆ. ಟೌನ್‌ಹಾಲಿನಿಂದ ಮಿನರ್ವ ಸರ್ಕಲ್ಲಿನವರೆಗೆ ಬಂಪರು, ಹಾರನ್ನು, ಸೀಟ್ ಕವರು ತೂಗುಹಾಕಿದ ಅಂಗಡಿಗಳು. ಅಲ್ಲಿ ಹೆಡ್‌ಲೈಟಿಗೆ ಡೂಮ್ ಎನ್ನುತ್ತಾರೆ, ವೈರಿನ ಪ್ಲಗ್ಗಿಗೆ ಕಪ್ಲರ್ ಎನ್ನುತ್ತಾರೆ. ಕ್ಸೆನಾನ್ ದೀಪಕ್ಕೆ ಅಲ್ಲಿನ ಹೆಸರಾದ ಎಚ್‌ಐಡಿ ಕಿಟ್ ಎಂದು ಕೇಳಿದರೆ ಮೊದಲು ಬರುವ ಪ್ರಶ್ನೆ, "ಆರು ಸಾವಿರವೋ ಎಂಟು ಸಾವಿರವೋ ಸಾರ್?" ಅದು ರೂಪಾಯಿಯಲ್ಲ, ಬೆಳಕಿನ ಬಣ್ಣ ಅಳೆಯುವ ಕೆಲ್ವಿನ್ ಲೆಕ್ಕ. ಎಂಟು ಸಾವಿರವೆಂದರೆ ನೀಲಿ. ನೋಡಲು ಚೆಂದ, ಆದರೆ ಮಳೆಯಲ್ಲಿ ರಸ್ತೆಯೇ ಕಾಣುವುದಿಲ್ಲ. ನಾನು ಕೇಳುವುದು 4,300. ಕಾರು ಕಂಪನಿಗಳು ತಾವೇ ಕೂಡಿಸುವ ಕ್ಸೆನಾನಿನ ಬಣ್ಣ ಅದು.

ಬಲ್ಬು ಮಾತ್ರ ಬದಲಿಸಿ ಹೊರಟುಬಿಡುವವರ ಮೇಲೆ ನನಗೆ ಸಿಟ್ಟಿದೆ. ಹ್ಯಾಲೊಜೆನ್ ಡೂಮಿನ ಕನ್ನಡಿಯನ್ನು ತಂತಿ ಎಲ್ಲಿ ಉರಿಯುತ್ತದೋ ಆ ಒಂದು ಬಿಂದುವಿಗೆ ಲೆಕ್ಕ ಹಾಕಿ ಬಾಗಿಸಿರುತ್ತಾರೆ. ಕ್ಸೆನಾನಿನ ಕಿಡಿಯ ಆಕಾರ ಬೇರೆ, ಕೂರುವ ಜಾಗ ಬೇರೆ. ಬೆಳಕು ರಸ್ತೆ ಬಿಟ್ಟು ಎದುರಿಗೆ ಬರುವವನ ಕಣ್ಣಿಗೆ ಚೆಲ್ಲುತ್ತದೆ. ಸ್ಕೂಟರಿನಲ್ಲಿ ಹೆಂಡತಿ ಮಗುವನ್ನು ಕೂರಿಸಿಕೊಂಡು ಬರುವವನಿಗೆ ಆ ಎರಡು ಕ್ಷಣದ ಕುರುಡು ಸಾಕು. 2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕೋರೈಸುವ ದೀಪಗಳ ಮೇಲೆ ಕೇಸು ಹಾಕಲು ಶುರುಮಾಡಿದಾಗ ಹೆಡ್‌ಲೈಟ್ ಬದಲಿಸುವ ಈ ಹವ್ಯಾಸದ ಗೆಳೆಯರು ಕೆಲವರು ಮುಖ ಗಂಟಿಕ್ಕಿದರು. ನನಗೆ ಸರಿಯೆನಿಸಿತು.

ಹಾಗಾಗಿ ನಾನು ಡೂಮ್ ಬಿಚ್ಚಿಯೇ ಕೆಲಸ ಮಾಡುತ್ತೇನೆ. ಹಾಟ್ ಏರ್ ಗನ್ನಿನಿಂದ ಅಂಚಿನ ಅಂಟನ್ನು ಕಾಯಿಸಿದರೆ ಅದು ಹಲಸಿನ ಮೇಣದ ಹಾಗೆ ಎಳೆಎಳೆಯಾಗಿ ಬಿಡುತ್ತದೆ. ಅವಸರ ಮಾಡಿದರೆ ಪ್ಲಾಸ್ಟಿಕ್ಕಿನ ಕೊಕ್ಕೆ ಮುರಿಯುತ್ತದೆ. ಒಳಗೆ ಪ್ರೊಜೆಕ್ಟರ್ ಕೂರಿಸಬೇಕು: ಒಂದು ಗುಂಡು ಮಸೂರ, ಅದರ ಹಿಂದೆ ಬೆಳಕಿನ ಒಂದು ಭಾಗವನ್ನು ತಡೆಯುವ ಪುಟ್ಟ ತಗಡು. ಆ ತಗಡಿನ ಅಂಚೇ ಗೋಡೆಯ ಮೇಲೆ ಗೆರೆಯಾಗಿ ಬೀಳುತ್ತದೆ. ಕೊಳ್ಳುವಾಗ ಇದೊಂದನ್ನು ನೋಡಲೇಬೇಕು. ನಾವು ಎಡಗಡೆ ಓಡಿಸುವವರು, ಗೆರೆ ಎಡಕ್ಕೆ ಏರಿರಬೇಕು, ಬಲಕ್ಕೆ ತಗ್ಗಿರಬೇಕು. ಬಲಗಡೆ ಓಡಿಸುವ ದೇಶಗಳ ಪ್ರೊಜೆಕ್ಟರೂ ಅದೇ ಅಂಗಡಿಯ ಕಪಾಟಿನಲ್ಲಿ ಇರುತ್ತದೆ. ಅದನ್ನು ಹಾಕಿದರೆ ಏರಿದ ಬೆಳಕು ನೇರ ಎದುರಿನವನ ಮುಖಕ್ಕೆ.

ನನ್ನ ಈಗಿನ ಕಾರು ಎಲ್ಲಕ್ಕಿಂತ ಹೆಚ್ಚು ಕಾಡಿಸಿತು. ಅದಕ್ಕೆ ಹಗಲು ಉರಿಯುವ ಡಿಆರ್‌ಎಲ್ ಇದೆ, ಆದರೆ ಬೇರೆ ದೀಪವಲ್ಲ. ಕೀ ತಿರುಗಿಸಿದೊಡನೆ ಹೆಡ್‌ಲೈಟ್ ಬಲ್ಬಿಗೇ ಅರೆ ಕರೆಂಟು ಹೋಗುತ್ತದೆ. ಹ್ಯಾಲೊಜೆನ್ ತಂತಿ ಅರೆ ಕರೆಂಟಿನಲ್ಲಿ ಮಂದವಾಗಿ ಉರಿದುಕೊಂಡಿರುತ್ತದೆ, ಅದಕ್ಕೇನೂ ಬೇಸರವಿಲ್ಲ. ಕ್ಸೆನಾನಿಗೆ ಅರ್ಧ ಎಂಬುದೇ ಗೊತ್ತಿಲ್ಲ. ಪೂರ್ತಿ ಕೊಡಬೇಕು, ಇಲ್ಲ ಸುಮ್ಮನಿರಬೇಕು.

ಅದಕ್ಕೆಂದೇ ಬ್ಯಾಟರಿಯಿಂದ ನೇರ ಲೈನು ಎಳೆದು, ಫ್ಯೂಸ್ ಹಾಕಿ, ಕರೆಂಟಿನಿಂದಲೇ ಹಾಕಿ ತೆಗೆಯುವ ಸ್ವಿಚ್ಚಾದ ರಿಲೇ ಕೂರಿಸಿದ್ದೆ. ಅದರ 30ನೇ ಪಿನ್ನಿಗೆ ಬ್ಯಾಟರಿ, 87ಕ್ಕೆ ಬ್ಯಾಲಾಸ್ಟ್, 85ಕ್ಕೆ ಅರ್ಥ್, 86ಕ್ಕೆ ಹಳೆಯ ಬಲ್ಬಿನ ಕಪ್ಲರಿನಿಂದ ಬಂದ ವೈರು. ಕೀ ತಿರುಗಿಸಿದರೆ ರಿಲೇ ಟರ್‌ರ್‌ರ್ ಎಂದು ಡಬ್ಬಿಯೊಳಗೆ ಸಿಕ್ಕಿಬಿದ್ದ ದುಂಬಿಯ ಹಾಗೆ ಮೊರೆಯತೊಡಗಿತು. ದೀಪ ಪಟಪಟ ಹೊತ್ತಿ ಆರಿತು. ಒಂದು ಬ್ಯಾಲಾಸ್ಟ್ ಅಲ್ಲಿಗೇ ಮುಗಿಯಿತು. ಮಾವ ಬಂದು ರಿಲೇ ಮೇಲೆ ಬೆರಳಿಟ್ಟರು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡರು. "ಕರೆಂಟು ಕಮ್ಮಿ ಬರ್ತಿಲ್ಲ ಕಣೋ. ಕಡಿದು ಕಡಿದು ಬರ್ತಿದೆ."

ಅವರ ಮಾತು ನಿಜವಾಗಿತ್ತು. ಕಾರಿನ ಕಂಪ್ಯೂಟರು ಬೆಳಕು ತಗ್ಗಿಸಲು ವೋಲ್ಟೇಜ್ ಇಳಿಸುತ್ತಿರಲಿಲ್ಲ, ಸೆಕೆಂಡಿಗೆ ಎಷ್ಟೋ ಸಲ ಹಾಕಿ ತೆಗೆದು ಮಾಡುತ್ತಿತ್ತು. ತಂತಿಗೆ ಅದು ತಿಳಿಯುವುದಿಲ್ಲ, ರಿಲೇಗೆ ತಿಳಿಯುತ್ತದೆ. ಕ್ಸೆನಾನಿಗಂತೂ ಪ್ರತಿ ಸಲ ಹೊತ್ತಿದಾಗಲೂ ಮೊನೆ ಸವೆಯುತ್ತದೆ. ಹಗಲೆಲ್ಲ ಉರಿಸುವ ದೀಪವೇ ಅಲ್ಲ ಅದು. ಕೊನೆಗೆ 86ರ ವೈರನ್ನು ಬಲ್ಬಿನ ಕಪ್ಲರಿನಿಂದ ಬಿಡಿಸಿ ಹೆಡ್‌ಲೈಟ್ ಸ್ವಿಚ್ಚಿನ ಲೈನಿಗೆ ಕೊಟ್ಟೆ. ಹಗಲಿನ ಕೆಲಸವನ್ನು ಬಂಪರಿನಲ್ಲಿ ಕೂರಿಸಿದ ಎರಡು ಸಣ್ಣ ಎಲ್‌ಇಡಿಗೆ ಒಪ್ಪಿಸಿದೆ. ಕೀ ತಿರುಗಿಸಿದೆ. ಎಲ್‌ಇಡಿ ಬಂತು, ರಿಲೇ ಸುಮ್ಮನಿತ್ತು. ಸ್ವಿಚ್ ಹಾಕಿದೆ. ಟಕ್, ಒಂದೇ ಒಂದು ಸಲ.

ಇನ್ನು ಉಳಿದದ್ದು ಗೆರೆ. ಬನಶಂಕರಿಯ ನಮ್ಮ ಬೀದಿ ಇಳಿಜಾರು, ಅಲ್ಲಿ ಏನು ಅಳೆದರೂ ಸುಳ್ಳು. ಮಾವನ ಬೀದಿ ಮಟ್ಟಸ. ಗೋಡೆಯಿಂದ ಐದು ಮೀಟರ್ ದೂರಕ್ಕೆ ಕಾರು ನಿಲ್ಲಿಸಿ, ನೆಲದಿಂದ ಮಸೂರದ ಎತ್ತರ ಅಳೆದು, ಗೋಡೆಯ ಮೇಲೆ ಅಷ್ಟೇ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ, ಅದರ ಕೆಳಗೆ ಐದು ಸೆಂಟಿಮೀಟರಿಗೆ ಇನ್ನೊಂದು. ಟೈರಿನ ಗಾಳಿ ಸರಿಯಿರಬೇಕು, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಬೇಕು. ಮಾವ ಕೂತರು. ನಾನು ಡೂಮಿನ ಹಿಂದಿನ ಸ್ಕ್ರೂ ತಿರುಗಿಸುತ್ತ ಹೋದೆ. ಬೆಳಕಿನ ಅಂಚು ಇಬ್ಬನಿ ಇಳಿದಂತೆ ಇಳಿಯುತ್ತ ಬಂದು ಕೆಳಗಿನ ಗೆರೆಯ ಮೇಲೆ ಕೂತಿತು. ಮೇಲೆ ಕತ್ತಲು, ಕೆಳಗೆ ಹಾಲು, ಅಂಚಿನಲ್ಲಿ ಮಾತ್ರ ಒಂದು ಎಳೆ ನೀಲಿ. ಎದುರು ಮನೆಯ ಅಜ್ಜಿ ಬಾಗಿಲಿಗೆ ಬಂದು, "ಏನಪ್ಪಾ, ಗೋಡೆಗೆ ಸುಣ್ಣ ಹೊಡೀತಿದ್ದೀಯಾ?" ಅಂದರು.

ರಾತ್ರಿ ಹತ್ತಕ್ಕೆ ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕನಕಪುರ ರಸ್ತೆ ಹಿಡಿದೆ. ಯಲಚೇನಹಳ್ಳಿ ದಾಟಿ, ಮೆಟ್ರೊ ಕಂಬಗಳು ಮುಗಿದು, ಬೀದಿದೀಪ ವಿರಳವಾದ ಮೇಲೆ ರಸ್ತೆ ಕಣ್ಣೆದುರು ಬಿಚ್ಚಿಕೊಂಡಿತು. ಎಡಗಡೆಯ ಮೈಲಿಗಲ್ಲು, ಹುಣಸೆಮರದ ಬುಡಕ್ಕೆ ಬಳಿದ ಬಿಳಿ ಪಟ್ಟಿ, ಗುಂಡಿಯ ಅಂಚು, ದಾಟಲು ನಿಂತ ನಾಯಿ, ಎಲ್ಲವೂ ದೂರದಿಂದಲೇ. ತಿರುವಿನಲ್ಲಿ ಕಲ್ಲು ತುಂಬಿದ ಲಾರಿಯೊಂದು ಎದುರಾಯಿತು. ಮಾವ ಸೀಟಿನಲ್ಲಿ ಮುಂದೆ ಸರಿದು ಕೂತರು. ನನ್ನ ಬೆಳಕು ಅದರ ಬಂಪರಿನವರೆಗೆ ಏರಿ ಅಲ್ಲಿಗೇ ನಿಂತಿತು, ಗಾಜಿನ ಹಿಂದೆ ಡ್ರೈವರನ ಮುಖ ಕತ್ತಲಲ್ಲೇ ಇತ್ತು.

ಅವನು ಡಿಪ್ಪರ್ ಹೊಡೆಯಲಿಲ್ಲ.